ಸ್ಕ್ವೈರ್ ಅಂದರೆ ಜಮೀನ್ದಾರ ಅಲ್ಲ

ನಮಸ್ಕಾರ,

ಕೆಂಟಕಿ ಕಾಡಿಗೆ ದಾರಿ ಮಾಡಿದ ಅಮೆರಿಕದ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್ ಮನೆತನದ ಬೇರು ಹುಡುಕುತ್ತಾ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ.

ಮೊದಲು ದೊಡ್ಡ ಎಡವಟ್ಟು. ಡೇನಿಯಲ್‌ನ ಅಪ್ಪನನ್ನು 'ಜಮೀನ್ದಾರ ಬೂನ್' ಅಂದಿದ್ದೀರಿ. ಇಂಗ್ಲಿಷಿನಲ್ಲಿ ಸ್ಕ್ವೈರ್ ಅಂದರೆ ಜಮೀನ್ದಾರ ಅನ್ನುವ ಅರ್ಥ ಇದೆ, ಆದರೆ ಇಲ್ಲಿ ಅದು ಆತನ ಹೆಸರು, ಪದವಿ ಅಲ್ಲ. ಇಂಗ್ಲೆಂಡಿನ ಡೆವನ್‌ನಿಂದ ಪೆನ್ಸಿಲ್ವೇನಿಯಾಕ್ಕೆ ಬಂದ ನೇಕಾರ ಆತ. ಡೇನಿಯಲ್‌ನ ತಮ್ಮನಿಗೂ ಅದೇ ಹೆಸರು. ನೀವು ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿದ್ದೀರಿ. ಹಾಗಾಗಿ 1765ರಲ್ಲಿ ನಾರ್ತ್ ಕೆರೊಲಿನಾದಲ್ಲಿ ತೀರಿಕೊಂಡ ಅಪ್ಪ, ನಿಮ್ಮ ಮೂರನೇ ಪುಟದಲ್ಲಿ ನಾಲ್ಕೈದು ವರ್ಷ ಬಿಟ್ಟು ಎದ್ದು ಬಂದು ಕೆಂಟಕಿ ಕಾಡಿನಲ್ಲಿ ಮಗನನ್ನು ಹುಡುಕುತ್ತಾನೆ! ಹೋದವನು ತಮ್ಮ. ಇಸ್ರೇಲ್ ವಿಷಯದಲ್ಲೂ ಹುಷಾರು. ಡೇನಿಯಲ್‌ನ ಅಣ್ಣನೂ ಇಸ್ರೇಲ್, ಮಗನೂ ಇಸ್ರೇಲ್. 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಸತ್ತವನು ಮಗ. ತಾತನ ಹೆಸರನ್ನೇ ಮೂರು ಮೊಮ್ಮಕ್ಕಳಿಗೆ ಇಟ್ಟಿರುವ ಮನೆಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ವಯಸ್ಸು, ಊರು, ಪಕ್ಕದ ಜಮೀನಿನವರು, ಪತ್ರಕ್ಕೆ ಸಾಕ್ಷಿ ಹಾಕಿದವರು, ಇಷ್ಟನ್ನೂ ತಾಳೆ ನೋಡದೆ ಮುಂದೆ ಹೋಗಬೇಡಿ.

ಡೇನಿಯಲ್ ಹುಟ್ಟಿದ್ದು 1734ರಲ್ಲಿ. ಒಂದು ಕಡೆ ಅಕ್ಟೋಬರ್ 22 ಅಂತ ಇದೆ, ಇನ್ನೊಂದು ಕಡೆ ನವೆಂಬರ್ 2. ಎರಡೂ ಸರಿ: ಮೊದಲನೆಯದು ಹಳೆ ಕ್ಯಾಲೆಂಡರಿನದು, ಎರಡನೆಯದು ಹೊಸದರದ್ದು. 1752ರಲ್ಲಿ ಬ್ರಿಟನ್ ತನ್ನ ವಸಾಹತುಗಳಲ್ಲೂ ಕ್ಯಾಲೆಂಡರ್ ಬದಲಿಸಿ 11 ದಿನ ಹಾರಿಸಿತು. ಅದನ್ನು ಓದುಗರಿಗೆ ಒಂದು ಸಾಲಿನಲ್ಲಿ ಹೇಳಿಬಿಡಿ.

ನಿಮ್ಮ ಐದನೇ ಪುಟ ಓದಿ ಖುಷಿಯಾಯಿತು. ಪೆನ್ಸಿಲ್ವೇನಿಯಾದ ಎಕ್ಸಿಟರ್‌ನಲ್ಲಿದ್ದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಸಭೆಯ ನಡಾವಳಿ. ಮಗಳು ಪಂಥದ ಹೊರಗಿನವನನ್ನು ಮದುವೆಯಾದಾಗ ಅಪ್ಪ ಸ್ಕ್ವೈರ್ ತಪ್ಪೊಪ್ಪಿಕೊಳ್ಳುತ್ತಾನೆ. ಮಗ, ಅಂದರೆ ಡೇನಿಯಲ್‌ನ ಅಣ್ಣ ಇಸ್ರೇಲ್, ಕೂಡ ಹಾಗೇ ಮಾಡಿದಾಗ ಒಪ್ಪಿಕೊಳ್ಳುವುದಿಲ್ಲ. 1748ರಲ್ಲಿ ಸಭೆ ಅಪ್ಪನನ್ನು ಹೊರಗೆ ಹಾಕುತ್ತದೆ. ಎರಡು ವರ್ಷದಲ್ಲಿ ಮನೆಮಂದಿ ಗಂಟುಮೂಟೆ ಕಟ್ಟುತ್ತಾರೆ. ಇಂಥದ್ದು ಕೈಯಲ್ಲಿದ್ದೂ ಅಪಲೇಚಿಯನ್ ಬೆಟ್ಟದ ಸೂರ್ಯೋದಯದಿಂದ ಯಾಕೆ ಶುರು ಮಾಡಿದಿರಿ? ಆ ಸೂರ್ಯನನ್ನು ತೆಗೆಯಿರಿ, ಇಲ್ಲಿಂದ ಶುರು ಮಾಡಿ.

ಇನ್ನು ಡೇನಿಯಲ್‌ನ ಹೆಂಡತಿ ರೆಬೆಕಾ. ಗಣತಿಯಲ್ಲಿ ಅವಳ ಹೆಸರು ಸಿಗಲಿಲ್ಲ ಅಂತ ನೀವೇ ಒಂದು ಪುಟ ಗಂಡಹೆಂಡಿರ ಮಾತುಕತೆ ಕಟ್ಟಿದ್ದೀರಿ. ಸುಮ್ನೆ ಕಟ್ಟಿದ್ದು ಅಂತ ಎದ್ದು ಕಾಣುತ್ತದೆ. 1790ರಿಂದ 1840ರವರೆಗಿನ ಅಮೆರಿಕದ ಗಣತಿಗಳಲ್ಲಿ ಇರುವುದು ಮನೆ ಯಜಮಾನರ ಹೆಸರು ಮಾತ್ರ, ಉಳಿದವರು ಬರೀ ಲೆಕ್ಕ. ಮನೆಯವರೆಲ್ಲರ ಹೆಸರು ಬರೆದದ್ದು 1850ರಲ್ಲಿ, ಅದೂ ಗುಲಾಮರಲ್ಲದವರದ್ದು. ಹತ್ತು ಮಕ್ಕಳ ತಾಯಿ ರೆಬೆಕಾ 1813ರಲ್ಲೇ ತೀರಿಕೊಂಡಿದ್ದಳು. ಮಾತುಕತೆ ತೆಗೆದು ಇಷ್ಟನ್ನೇ ಹಾಕಿ, ಸಾಕು.

ಕೆಂಟಕಿಯ 1790ರ ಗಣತಿ ಹಾಳೆಗಳು ಉಳಿದಿಲ್ಲ, ತೆರಿಗೆ ಪಟ್ಟಿಗಳೇ ಗತಿ. ಅವುಗಳಲ್ಲಿ ಕುದುರೆ, ದನಗಳ ಜೊತೆಗೇ ಗುಲಾಮರ ಲೆಕ್ಕವೂ ಇರುತ್ತದೆ. ಡೇನಿಯಲ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದ. ನಿಮ್ಮ ಲೇಖನದಲ್ಲಿ ಕುದುರೆಗಳಿವೆ, ಅವರಿಲ್ಲ. 'ಯಾರೂ ಇಲ್ಲದ ಕಾಡು' ಅಂತ ಎರಡನೇ ಪುಟದಲ್ಲಿ ಬರೆದವರು ನೀವೇ. 1778ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಶಾನಿ ಬುಡಕಟ್ಟಿನವರು ಅವನನ್ನು ಹಿಡಿದು ದತ್ತು ತೆಗೆದುಕೊಂಡರು ಅಂತ ಆರನೇ ಪುಟದಲ್ಲಿ ಬರೆದವರೂ ನೀವೇ. ಅದು ಅವರ ಬೇಟೆಯ ನೆಲವಾಗಿತ್ತು.

ಎಂಟು ಪುಟ ಜಾಸ್ತಿಯಾಯಿತು. ನಾಲ್ಕಕ್ಕೆ ಇಳಿಸಿ ಕಳಿಸಿ, ಮತ್ತೆ ಓದುತ್ತೇನೆ.

— ಸಂಪಾದಕ