ಆ ಕಪ್ಪು ಪೇಂಟ್ ಅಲ್ಲ

ಪ್ರಶ್ನೆ: ಮಗಳ ಚರಿತ್ರೆ ಪುಸ್ತಕದಲ್ಲಿ ಹಳೇ ಗ್ರೀಕ್ ಮಡಕೆಯ ಫೋಟೋ ಇದೆ. ಕೆಂಪು ಮಡಕೆ ಮೇಲೆ ಕಪ್ಪು ವೀರರು. ಎರಡೂವರೆ ಸಾವಿರ ವರ್ಷ ಆದರೂ ಬಣ್ಣ ಹೋಗಿಲ್ಲವಂತೆ. ನಮ್ಮ ಗೇಟಿನ ಪೇಂಟ್ ಒಂದು ಮಳೆಗಾಲ ತಡೆಯುವುದಿಲ್ಲ! ಅವರು ಹಾಕಿದ್ದು ಯಾವ ಬಣ್ಣ?
– ಓದುಗರು, ಬ್ರಹ್ಮಾವರ

ಉತ್ತರ: ಬಣ್ಣ ಹಾಕಿದ್ದರೆ ತಾನೇ ಹೋಗುವುದು! ಆ ಕಪ್ಪೂ ಮಣ್ಣೇ. ಅಥೆನ್ಸಿನ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ನಮ್ಮ ಮಂಗಳೂರು ಹಂಚು ಸುಟ್ಟಾಗ ಕೆಂಪಾಗುವುದೂ ಕಬ್ಬಿಣದಿಂದಲೇ. ಆ ಮಣ್ಣನ್ನು ನೀರಿನಲ್ಲಿ ಕದಡಿ ಬಿಟ್ಟು, ದಪ್ಪ ಕಣ ತಳಕ್ಕೆ ಕೂತ ಮೇಲೆ ಮೇಲಿನ ನುಣ್ಣನೆ ಕೆಸರು ತೆಗೆದು ಅದರಲ್ಲೇ ಚಿತ್ರ ಬಿಡಿಸುತ್ತಿದ್ದರು.

ಕಪ್ಪು ಮಾಡುವುದು ಬೆಂಕಿ. ಮೊದಲು ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಗಾಳಿ ಬಿಟ್ಟು ಸುಟ್ಟರೆ ಮಡಕೆ ಪೂರ್ತಿ ಕೆಂಪು. ಆಮೇಲೆ ಗಾಳಿಯ ಕಿಂಡಿ ಮುಚ್ಚಿ ಹಸಿ ಸೌದೆ ಒಡ್ಡಿದರೆ ಪೂರ್ತಿ ಕಪ್ಪು. ಈ ಹೊತ್ತಿಗೆ ಶಾಖ ಸುಮಾರು 900 ಡಿಗ್ರಿ, ಕೆಸರು ಬಳಿದ ಜಾಗ ಗಾಜಿನ ಹಾಗೆ ಬಿಗಿದುಕೊಂಡಿರುತ್ತದೆ. ಕೊನೆಗೆ ಕಿಂಡಿ ತೆರೆದಾಗ ಬರೀ ಮಣ್ಣಿನ ಜಾಗ ಗಾಳಿ ಕುಡಿದು ಮತ್ತೆ ಕೆಂಪಾಗುತ್ತದೆ, ಬಿಗಿದುಕೊಂಡ ಜಾಗಕ್ಕೆ ಗಾಳಿ ಹೋಗುವುದಿಲ್ಲ, ಅದು ಕಪ್ಪಾಗಿಯೇ ಉಳಿಯುತ್ತದೆ. ಸುಮ್ನೆ ಅಲ್ಲ ಮಾರಾಯ್ರೆ, ಒಳಗೆ ಏನಾಗುತ್ತಿದೆ ಎಂದು ನೋಡಲು ಥರ್ಮಾಮೀಟರ್ ಕೂಡ ಇಲ್ಲದ ಕಾಲ.

ಪ್ರಶ್ನೆ: ಎಲ್ಲರ ಮುಖವೂ ಒಂದೇ ಥರ ಇದೆ. ಯಾರು ಯಾರೆಂದು ಗೊತ್ತಾಗುವುದು ಹೇಗೆ?
– ಅವರದೇ ಮಗಳು

ಉತ್ತರ: ಯಕ್ಷಗಾನದಲ್ಲಿ ನೀನು ವೇಷ ನೋಡಿಯೇ ಹೇಳ್ತೀಯಲ್ವಾ? ಇಲ್ಲೂ ಹಾಗೇ. ಸಿಂಹದ ಚರ್ಮ ಹೊದ್ದು ದೊಣ್ಣೆ ಹಿಡಿದವನು ಗ್ರೀಕ್ ಪುರಾಣದ ಬಲಶಾಲಿ ಹೆರಾಕ್ಲಿಸ್. ಕೆಲವು ಕಡೆ ಪಕ್ಕದಲ್ಲೇ ಹೆಸರು ಬರೆದಿರುತ್ತಾರೆ.

ನನಗೆ ತುಂಬ ಇಷ್ಟವಾದದ್ದು ಎಕ್ಸೆಕಿಯಾಸ್ ಎಂಬಾತ ಕ್ರಿ.ಪೂ. 530ರ ಆಸುಪಾಸಿನಲ್ಲಿ ಮಾಡಿದ ಮಡಕೆ, ಈಗ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ಗ್ರೀಕ್ ಪುರಾಣದ ಟ್ರಾಯ್ ಯುದ್ಧದಲ್ಲಿ ಒಂದೇ ಕಡೆ ಹೋರಾಡಿದ ವೀರರಾದ ಅಕಿಲಿಸ್ ಮತ್ತು ಏಜಾಕ್ಸ್ ಎದುರುಬದುರು ಕೂತು ಆಟ ಆಡುತ್ತಿದ್ದಾರೆ, ಆಟಿ ತಿಂಗಳ ಮಳೆಗೆ ನಮ್ಮವರು ಚೆನ್ನೆಮಣೆಗೆ ಕೂತ ಹಾಗೆ. ಆದರೆ ಭರ್ಜಿ ಕೈಯಲ್ಲೇ ಇದೆ. ಅಕಿಲಿಸ್ ಶಿರಸ್ತ್ರಾಣವನ್ನೂ ತೆಗೆದಿಲ್ಲ, ಏಜಾಕ್ಸ್ ತನ್ನದನ್ನು ಹಿಂದೆ ಗುರಾಣಿ ಮೇಲೆ ಇಟ್ಟಿದ್ದಾನೆ. ಅಕಿಲಿಸ್ ಬಾಯಿಯಿಂದ 'ನಾಲ್ಕು' ಎಂಬ ಅಕ್ಷರ ಹೊರಟಿದೆ, ಏಜಾಕ್ಸ್ ಬಾಯಿಯಿಂದ 'ಮೂರು'. ಗೆಲ್ಲುತ್ತಿರುವ ಈ ಅಕಿಲಿಸ್ ಯುದ್ಧದಲ್ಲಿ ಸಾಯುತ್ತಾನೆ, ಅವನ ಹೆಣ ಹೊತ್ತು ತರುವವನು ಎದುರಿಗೆ ಕೂತ ಏಜಾಕ್ಸೇ. ಮಡಕೆ ನೋಡುತ್ತಿದ್ದವರಿಗೆ ಆ ಕಥೆ ಬಾಯಿಪಾಠ.

ಹಿಂಬದಿಯ ಚಿತ್ರವನ್ನೂ ಹುಡುಕಿ ನೋಡು. ಕ್ಯಾಸ್ಟರ್, ಪಾಲಿಡ್ಯೂಕಿಸ್ ಎಂಬ ಅಣ್ಣತಮ್ಮ ಮನೆಗೆ ಬಂದಿದ್ದಾರೆ, ಒಬ್ಬನ ಮೈಮೇಲೆ ನಾಯಿ ಹಾರುತ್ತಿದೆ.