ಆರು ದಾಟಿದ ಮಗು ಬೇರೆಯೇ ಮಗು: ನಿಮ್ಮ ಲೇಖನಕ್ಕೆ ನಮ್ಮ ಉತ್ತರ

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ಮಾಂಟೆಸ್ಸರಿ ಎಲಿಮೆಂಟರಿ ಶಿಕ್ಷಕರಿಗೊಂದು ಕೈಪಿಡಿ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಹಾಗೆಂದು ಕೈಬಿಡಲೂ ಮನಸ್ಸಿಲ್ಲ. ನಿಮಗೆ ಸಾಮಗ್ರಿಗಳ ಪರಿಚಯವಿದೆ, ಮಕ್ಕಳ ಮೇಲೆ ಅಕ್ಕರೆಯಿದೆ, ಬರವಣಿಗೆ ತಿಳಿಯಾಗಿದೆ. ಕೊರತೆ ಎಲ್ಲಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ.

ಮಕ್ಕಳು ಸಾಮಗ್ರಿಗಳನ್ನು ಬಳಸಿ ತಾವಾಗಿ ಕಲಿಯುವ ಮಾಂಟೆಸ್ಸರಿ ಪದ್ಧತಿಯಲ್ಲಿ ಎಲಿಮೆಂಟರಿ ಎಂದರೆ 6ರಿಂದ 12 ವರ್ಷದವರ ಹಂತ. ನಿಮ್ಮ ಶೀರ್ಷಿಕೆಯಲ್ಲಿರುವುದು ಆ ಮಕ್ಕಳು. ಒಳಗೆ ನೋಡಿದರೆ 3ರಿಂದ 6 ವರ್ಷದವರು. ಲೇಖನದ ಮೂಲ ತೊಂದರೆ ಇದೇ, ಉಳಿದದ್ದೆಲ್ಲ ಇದರಿಂದಲೇ ಹುಟ್ಟಿದೆ. ‘ಪ್ರತಿ ಮಗುವೂ ತನ್ನ ಚಾಪೆಯ ಮೇಲೆ ಒಂಟಿಯಾಗಿ, ಮೌನವಾಗಿ ಕೆಲಸ ಮಾಡಬೇಕು’ ಎಂದು ಬರೆದಿದ್ದೀರಿ. ‘ಶಿಕ್ಷಕರು ಒಂದೊಂದೇ ಮಗುವನ್ನು ಕರೆದು, ಆದಷ್ಟು ಕಡಿಮೆ ಮಾತಿನಲ್ಲಿ ತೋರಿಸಬೇಕು’ ಎಂದೂ ಇದೆ. ಪುಟ್ಟ ಮಕ್ಕಳ ತರಗತಿಗೆ ಇದು ಸರಿ. ಎಂಟು ವರ್ಷದ ಮಕ್ಕಳಿರುವಲ್ಲಿ ಇದನ್ನೇ ಪಾಲಿಸಹೊರಟ ಶಿಕ್ಷಕರು ಒಂದೇ ವಾರದಲ್ಲಿ ಸೋಲುತ್ತಾರೆ, ತಪ್ಪು ತಮ್ಮದೋ ಮಕ್ಕಳದೋ ಎಂದು ತಿಳಿಯದೆ ಕಂಗಾಲಾಗುತ್ತಾರೆ.

ಆರು ದಾಟಿದ ಮಗುವಿಗೆ ಜೊತೆ ಬೇಕು. ಕೆಲಸ ಮಾಡುವುದೂ ಗುಂಪಿನಲ್ಲಿ, ಜಗಳವೂ ಗುಂಪಿನಲ್ಲಿ. ವಸ್ತುವನ್ನು ಮುಟ್ಟಿ ತಿಳಿಯುವ ಹಸಿವಿಗಿಂತ ‘ಏಕೆ’, ‘ಹೇಗೆ’ ಎಂಬ ಹಸಿವು ಈಗ ದೊಡ್ಡದು. ನಕ್ಷತ್ರ, ಡೈನೋಸಾರ್, ಹತ್ತು ಅಂಕಿಯ ಸಂಖ್ಯೆ, ಹೀಗೆ ಕಣ್ಣಿಗೆ ಕಾಣದ್ದನ್ನೂ ಕೈಗೆ ಸಿಗದ್ದನ್ನೂ ಕಲ್ಪಿಸಿಕೊಳ್ಳಬಲ್ಲದು. ಮೊದಲಿದ್ದ ಅಚ್ಚುಕಟ್ಟುತನ ಸಡಿಲವಾಗುತ್ತದೆ. ಇದನ್ನು ನೀವು ‘ಶಿಸ್ತು ಕುಸಿಯುವುದು’ ಎಂದಿದ್ದೀರಿ. ಆ ಮಾತನ್ನು ತೆಗೆಯಿರಿ. ‘ಮಿಸ್, ಅವನು ಸರದಿ ತಪ್ಪಿಸಿದ’ ಎಂದು ದೂರು ತರುವ ಮಗುವನ್ನು ಗದರಿಸಿ ಕಳಿಸಿ ಎಂಬ ಸಲಹೆಯೂ ಬೇಡ. ಆ ಮಗುವಿಗೆ ಬೇಕಿರುವುದು ಶಿಕ್ಷೆಯಲ್ಲ. ನಿಯಮ ನಿಜಕ್ಕೂ ಇದೆಯೇ, ಎಲ್ಲರಿಗೂ ಒಂದೇ ಏನು ಎಂಬ ಪ್ರಶ್ನೆಗೆ ಉತ್ತರ. ‘ನಾವೆಲ್ಲ ಏನೆಂದು ಒಪ್ಪಿಕೊಂಡಿದ್ದೆವು? ಅವನಿಗೆ ನೀನೇ ನೆನಪಿಸುತ್ತೀಯಾ, ನಾನೂ ಜೊತೆಗೆ ಬರಲಾ?’ ಎಂದು ಕೇಳಿದರೆ ಸಾಕು. ಇಂಥ ಆಡಬಹುದಾದ ಮಾತುಗಳನ್ನು ಲೇಖನದಲ್ಲಿ ಬರೆಯಿರಿ. ಓದುವ ಶಿಕ್ಷಕರಿಗೆ ತತ್ವಕ್ಕಿಂತ ಅವು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೊದಲ ಎರಡು ಪುಟಗಳಲ್ಲಿರುವ, ಈ ಪದ್ಧತಿ ರೂಪಿಸಿದ ಮಾರಿಯಾ ಮಾಂಟೆಸ್ಸರಿಯವರ ಜೀವನಚರಿತ್ರೆಯನ್ನು ಪೂರ್ತಿ ಬಿಡಬಹುದು. 1870ರ ಜನನ, 1907ರಲ್ಲಿ ರೋಮಿನಲ್ಲಿ ತೆರೆದ ‘ಮಕ್ಕಳ ಮನೆ’ ಎಂಬ ಮೊದಲ ಶಾಲೆ ಎಲ್ಲ ಕಡೆ ಸಿಗುತ್ತವೆ. ಒಂದೇ ಸಂಗತಿ ಉಳಿಸಿಕೊಳ್ಳಿ: 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾರಿಯಾ ಮಾಂಟೆಸ್ಸರಿ ಯುದ್ಧದ ವರ್ಷಗಳಲ್ಲಿ ಕೊಡೈಕೆನಾಲ್‌ನಲ್ಲಿ ಮಗ ಮಾರಿಯೊ ಜೊತೆ ಬೇರೆ ಬೇರೆ ವಯಸ್ಸಿನ ಮಕ್ಕಳೊಂದಿಗೆ ಮಾಡಿದ ಕೆಲಸದಲ್ಲಿ ‘ಕಾಸ್ಮಿಕ್ ಶಿಕ್ಷಣ’, ಅಂದರೆ ಎಲ್ಲ ವಿಷಯಗಳನ್ನೂ ಇಡೀ ವಿಶ್ವದ ಒಂದೇ ಕಥೆಯ ಭಾಗವಾಗಿ ಕಲಿಸುವ ಕ್ರಮ, ಬೆಳೆಯಿತು. ನಿಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು ಅದೊಂದೇ, ಅದನ್ನೇ ನೀವು ಬಿಟ್ಟಿದ್ದೀರಿ.

ಆ ಶಿಕ್ಷಣಕ್ಕೆ ಬುನಾದಿಯಾದ ಐದು ಮಹಾಕಥೆಗಳ ಭಾಗ ಅವಸರದಲ್ಲಿ ಮುಗಿದಿದೆ. ವಿಶ್ವದ ಹುಟ್ಟು, ಜೀವದ ಆಗಮನ, ಮನುಷ್ಯರ ಆಗಮನ, ಬರಹದ ಕಥೆ, ಸಂಖ್ಯೆಗಳ ಕಥೆ ಎಂದು ಹೆಸರಿಸಿ, ‘ಶಾಲೆ ತೆರೆದ ಮೊದಲ ಐದು ದಿನಗಳಲ್ಲಿ ಮುಗಿಸಿ’ ಎಂದಿದ್ದೀರಿ. ಮುಗಿಸುವುದಕ್ಕಾಗಿ ಇರುವ ಪಾಠಗಳಲ್ಲ ಇವು. ಒಂದು ಕಥೆಯಾದ ಮೇಲೆ ಮಕ್ಕಳು ಅದರ ಬೆನ್ನು ಹತ್ತಲು ದಿನಗಳು ಬೇಕು. ದಿನಕ್ಕೊಂದು ಹೇಳಿದರೆ ಜ್ವಾಲಾಮುಖಿಯ ಚಿತ್ರ ಬರೆಯುತ್ತಿದ್ದವರನ್ನು ಎಬ್ಬಿಸಿ ಟ್ರೈಲೊಬೈಟ್ ಎಂಬ ಪುರಾತನ ಕಡಲಜೀವಿಯ ಮುಂದೆ ಕೂರಿಸಿದಂತಾಗುತ್ತದೆ. ಮೊದಲ ಕಥೆ ಆರಂಭದ ದಿನಗಳಲ್ಲೇ ಬರಲಿ, ಉಳಿದವು ಮುಂದಿನ ವಾರಗಳಲ್ಲಿ ಹರಡಿಕೊಳ್ಳಲಿ. ಪ್ರತಿ ವರ್ಷವೂ ಹೇಳಬೇಕು ಎಂಬುದನ್ನು ಸೇರಿಸಿ: 6–9 ವರ್ಷದವರ ತರಗತಿಯಲ್ಲಿ ಮೂರು ವರ್ಷ ಇರುವ ಮಗು ಒಂದೇ ಕಥೆಯನ್ನು ಮೂರು ಸಲ ಕೇಳುತ್ತದೆ, ಪ್ರತಿ ಸಲವೂ ಬೇರೆ ಪ್ರಶ್ನೆ ಹಿಡಿದು ಏಳುತ್ತದೆ. ಕಥೆ ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಶಿಕ್ಷಕರು ಹಾಳೆ ನೋಡಿ ಓದುತ್ತಾರೆ, ನಡುವೆ ನಿಲ್ಲಿಸಿ ಪದದ ಅರ್ಥ ಬಿಡಿಸುತ್ತಾರೆ, ಮುಗಿದ ಕೂಡಲೇ ‘ಏನು ಕಲಿತಿರಿ?’ ಎಂದು ಕೇಳುತ್ತಾರೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಆಗಷ್ಟೇ ಹುಟ್ಟಿದ ಬೆರಗು ಅದರಿಂದ ಪರೀಕ್ಷೆಯಾಗಿಬಿಡುತ್ತದೆ.

ಇನ್ನು, ಅಮೋನಿಯಂ ಡೈಕ್ರೋಮೇಟ್ ಎಂಬ ರಾಸಾಯನಿಕ ಉರಿಸಿ ಜ್ವಾಲಾಮುಖಿ ತೋರಿಸುವ ಪ್ಯಾರಾ. ಇದನ್ನು ತೆಗೆಯದೆ ಲೇಖನ ಅಚ್ಚಾಗದು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಉರಿದಾಗ ಹಾರುವ ಹಸಿರು ಪುಡಿಯ ಜೊತೆ ಉರಿಯದೆ ಉಳಿದ ಕಣಗಳೂ ಹಾರುತ್ತವೆ, ಸುತ್ತ ಕುಳಿತ ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಹಳೆಯ ಆಲ್ಬಂಗಳಲ್ಲಿ (ಶಿಕ್ಷಕರ ಪಾಠವಿವರದ ಪುಸ್ತಕಗಳಲ್ಲಿ) ಇದೆ ಎಂಬುದು ಸಮರ್ಥನೆಯಾಗದು. ಅಡುಗೆ ಸೋಡಾ ಮತ್ತು ವಿನೆಗರ್ ಸಾಕು. ಆದರೆ ಇಲ್ಲಿ ಉಕ್ಕುವುದು ಅನಿಲದ ನೊರೆ, ನಿಜವಾದ ಜ್ವಾಲಾಮುಖಿಯಲ್ಲಿ ಉಕ್ಕುವುದು ಕರಗಿದ ಬಂಡೆ ಎಂಬ ವ್ಯತ್ಯಾಸವನ್ನು ಮಕ್ಕಳಿಗೆ ಆಮೇಲಾದರೂ ಹೇಳಬೇಕು. ಭಾರದ ದ್ರವ ಕೆಳಗೆ, ಹಗುರದ್ದು ಮೇಲೆ ಎಂಬ ಪ್ರಯೋಗವನ್ನು ‘ಮೂರು ದ್ರವಗಳನ್ನು ಸುರಿಯಿರಿ’ ಎಂದು ಮುಗಿಸಿದ್ದೀರಿ. ಹಾಗೆ ಸುರಿದರೆ ಸಕ್ಕರೆ ಪಾಕ ನೀರಿನಲ್ಲಿ ಬೆರೆತುಹೋಗುತ್ತದೆ, ಪದರ ಕಾಣುವುದಿಲ್ಲ. ಮೊದಲು ದಪ್ಪ ಪಾಕ, ಆಮೇಲೆ ಬಣ್ಣ ಹಾಕಿದ ನೀರನ್ನು ಚಮಚದ ಬೆನ್ನ ಮೇಲೆ, ಲೋಟದ ಗೋಡೆಗುಂಟ ನಿಧಾನವಾಗಿ, ಕೊನೆಗೆ ಎಣ್ಣೆ. ಮಕ್ಕಳ ಮುಂದೆ ಮಾಡುವ ಮೊದಲು ಶಿಕ್ಷಕರು ಒಬ್ಬರೇ ಮಾಡಿ ನೋಡಲಿ ಎಂದೂ ಬರೆಯಿರಿ.

ಗಣಿತದ ಭಾಗದಲ್ಲಿ ನಿಮ್ಮ ಆಯ್ಕೆ ಒಳ್ಳೆಯದು, ವಿವರ ಸಾಲದು. ‘ಚೆಕರ್‌ಬೋರ್ಡ್ ಬಳಸಿ ದೊಡ್ಡ ಗುಣಾಕಾರ ಕಲಿಸಿ’ ಎಂಬ ಒಂದು ಸಾಲಿನಿಂದ ಯಾರಿಗೂ ದಾರಿ ತೋರದು. ಚೆಕರ್‌ಬೋರ್ಡ್ ಎಂದರೆ ಬಣ್ಣದ ಮನೆಗಳಿರುವ ಗುಣಾಕಾರದ ಹಲಗೆ ಎಂದೂ ಹೇಳಿ. ಒಂದು ಲೆಕ್ಕ ಹಿಡಿದು ಕೊನೆಯವರೆಗೆ ನಡೆಸಿ. ಉದಾಹರಣೆಗೆ 2,314 × 23. ಬೋರ್ಡಿನಲ್ಲಿ ನಾಲ್ಕು ಸಾಲು, ಸಾಲಿಗೆ ಒಂಬತ್ತು ಮನೆ. ಕೆಳಸಾಲಿನಲ್ಲಿ ಬಲದಿಂದ ಬಿಡಿ ಹಸಿರು, ಹತ್ತು ನೀಲಿ, ನೂರು ಕೆಂಪು, ಸಾವಿರದಿಂದ ಮತ್ತೆ ಹಸಿರು. ಕೆಳಗಿನಿಂದ ಎರಡನೆಯ ಸಾಲಿನ ಬಲತುದಿ ಹತ್ತರಿಂದ ಶುರು. ಗುಣ್ಯ 2,314ರ ಅಂಕಿ ಬರೆದ ಬಿಳಿ ಬಿಲ್ಲೆಗಳು ಕೆಳ ಅಂಚಿನಲ್ಲಿ, ಗುಣಕ 23ರ ಬೂದು ಬಿಲ್ಲೆಗಳು ಬಲ ಅಂಚಿನಲ್ಲಿ. ನಿಮ್ಮ ಲೇಖನದಲ್ಲಿ ಇದು ತಿರುವುಮುರುವಾಗಿದೆ, ಸರಿಪಡಿಸಿ.

ಮೊದಲು ಗುಣಕದ 3. ಕೆಳಸಾಲಿನ ಬಿಡಿ ಮನೆಯಲ್ಲಿ 4ರ ಬೀಡ್ ಬಾರ್ (ನಾಲ್ಕು ಮಣಿ ಪೋಣಿಸಿದ ಕಡ್ಡಿ) ಮೂರು, ಹತ್ತರಲ್ಲಿ 1ರ ಬಾರ್ ಮೂರು, ನೂರರಲ್ಲಿ 3ರ ಬಾರ್ ಮೂರು, ಸಾವಿರದಲ್ಲಿ 2ರ ಬಾರ್ ಮೂರು. 3ರ ಬೂದು ಬಿಲ್ಲೆಯನ್ನು ಮಗುಚಿಡಬೇಕು. ಆಮೇಲೆ 2 ಹತ್ತು: ಎರಡನೆಯ ಸಾಲಿನಲ್ಲಿ ಅದೇ ಬಾರ್‌ಗಳು ಎರಡೆರಡು. ಈಗ ಮೇಲಿನ ಸಾಲಿನ ಬಾರ್‌ಗಳನ್ನು ಎಡಕ್ಕೆ ಓರೆಯಾಗಿ ಕೆಳಗೆ ಜಾರಿಸಿ ಒಂದೇ ಬಣ್ಣದ ಮನೆಗೆ ತರಬೇಕು. ಬಲದಿಂದ ಅದಲುಬದಲು, ಹತ್ತಾದಾಗ ಮುಂದಿನ ಮನೆಗೆ ಒಂದು: ಬಿಡಿಯಲ್ಲಿ 12, 2 ಉಳಿದು 1 ಮುಂದಕ್ಕೆ, ಹತ್ತರಲ್ಲಿ 3, 8, ಬಂದ 1 ಸೇರಿ 12, ನೂರರಲ್ಲಿ 9, 2, 1 ಸೇರಿ 12, ಸಾವಿರದಲ್ಲಿ 6, 6, 1 ಸೇರಿ 13, ಹತ್ತು ಸಾವಿರದಲ್ಲಿ 4, 1 ಸೇರಿ 5. ಉತ್ತರ 53,222.

ತಪ್ಪುವುದೆಲ್ಲಿ ಎಂಬುದನ್ನು ಇದರ ಪಕ್ಕದಲ್ಲೇ ಬರೆಯಿರಿ. ಬಿಲ್ಲೆ ಮಗುಚದ ಮಗು ಅದೇ ಅಂಕಿಯಿಂದ ಮತ್ತೆ ಗುಣಿಸುತ್ತದೆ. ನೇರ ಕೆಳಗೆ ಜಾರಿಸಿದ ಮಗುವಿನ ಬಾರ್‌ಗಳು ಬೇರೆ ಬಣ್ಣದ ಮನೆಗೆ ಬೀಳುತ್ತವೆ. ಅಲ್ಲಿ ಶಿಕ್ಷಕರು ಬಾಯಿ ಹಾಕಬಾರದು, ಬಣ್ಣವೇ ಹೇಳುತ್ತದೆ. ಮಗ್ಗಿ ಬಾರದ ಮಗುವಿಗೆ ‘ಮೂರು ನಾಲ್ಕಲಿ ಎಷ್ಟು?’ ಎಂದು ನಡುವೆ ಕೇಳಿದರೆ ಗುಣಾಕಾರದ ನಡಿಗೆಯೇ ಮರೆತುಹೋಗುತ್ತದೆ. ಮೊದಲ ಹಂತದಲ್ಲಿ ಬಾರ್ ಇಡುವುದಷ್ಟೇ ಕೆಲಸ. ಇಡುವ ಮೊದಲೇ 12 ಎಂದು ಮನಸ್ಸಿನಲ್ಲಿ ತಿಳಿದು ನೇರ 2ರ ಬಾರ್ ಮತ್ತು ಮುಂದಿನ ಮನೆಯಲ್ಲಿ 1ರ ಬಾರ್ ಇಡುವುದು ಎರಡನೆಯ ಹಂತ, ಅದನ್ನು ಮಗುವೇ ಕಂಡುಕೊಳ್ಳುವುದೂ ಉಂಟು.

1, 10, 100, 1,000 ಎಂದು ಬರೆದ ಬಿಲ್ಲೆಗಳಿಂದ ಲೆಕ್ಕ ಮಾಡುವ ಸ್ಟ್ಯಾಂಪ್ ಗೇಮ್ ಬಗ್ಗೆ ‘ಪ್ರತಿ ಖಾನೆಯಲ್ಲಿ ಹತ್ತು ಬಿಲ್ಲೆ ಇರಲಿ’ ಎಂದಿದ್ದೀರಿ. 4,365 ÷ 3 ಮಾಡಿ ನೋಡಿ. 4 ಸಾವಿರವನ್ನು ಮೂವರಿಗೆ ಒಂದೊಂದು ಕೊಟ್ಟರೆ 1 ಉಳಿಯುತ್ತದೆ. ಅದನ್ನು ಬದಲಿಸಿದರೆ ಕೈಯಲ್ಲಿ 13 ನೂರು, ಮುಂದೆ 16 ಹತ್ತು, ಕೊನೆಗೆ 15 ಬಿಡಿ. ಹತ್ತೇ ಬಿಲ್ಲೆ ಇದ್ದರೆ ಮಗು ಅರ್ಧದಲ್ಲಿ ಎದ್ದು ಹೋಗಬೇಕಾಗುತ್ತದೆ. ಉತ್ತರ 1,455 ಎಂಬುದು ಒಬ್ಬರ ಪಾಲು. ಮೂವರ ಪಾಲನ್ನೂ ಕೂಡಿಸಿ ಮತ್ತೆ 4,365 ಎನ್ನುವ ಮಕ್ಕಳು ಬಹಳ, ಏಕೆಂದರೆ ಕಣ್ಣಮುಂದೆ ಬಿಲ್ಲೆಗಳೆಲ್ಲ ಹಾಗೇ ಇವೆ. ‘ಒಬ್ಬರಿಗೆ ಎಷ್ಟು ಬಂತು?’ ಎಂಬ ಒಂದೇ ಪ್ರಶ್ನೆಯನ್ನು ಹಂಚುವ ಮೊದಲೇ ಕೇಳಿಟ್ಟರೆ ಈ ಗೊಂದಲ ಕಡಿಮೆ.

ಮಕ್ಕಳು ಪದಗಳ ಮೇಲಿಡುವ ವ್ಯಾಕರಣ ಚಿಹ್ನೆಗಳ ಪಟ್ಟಿ ಇಂಗ್ಲಿಷ್ ಆಲ್ಬಮ್ಮಿನಿಂದ ಹಾಗೇ ಇಳಿದಿದೆ. ನಾಮಪದಕ್ಕೆ ದೊಡ್ಡ ಕಪ್ಪು ತ್ರಿಕೋನ, ಕ್ರಿಯಾಪದಕ್ಕೆ ಕೆಂಪು ವೃತ್ತ, ಇವೆರಡು ಎಲ್ಲಿಯೂ ನಡೆಯುತ್ತವೆ. ಆರ್ಟಿಕಲ್‌ನ (ಇಂಗ್ಲಿಷಿನ a, an, the) ಪುಟ್ಟ ತಿಳಿನೀಲಿ ತ್ರಿಕೋನಕ್ಕೆ ಕನ್ನಡದಲ್ಲಿ ಕೆಲಸವಿಲ್ಲ. ‘ಪುಸ್ತಕವನ್ನು’ ಎಂಬಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿದೆ. ಮಗು ಅದರ ಮೇಲೆ ಯಾವ ಚಿಹ್ನೆ ಇಡಬೇಕು? ನೀವೊಂದು ನಿರ್ಧಾರಕ್ಕೆ ಬಂದು ಬರೆಯಿರಿ. ನಮ್ಮ ಅಭಿಪ್ರಾಯ: ಮೊದಲು ಇಡೀ ಪದಕ್ಕೆ ತ್ರಿಕೋನ, ಪ್ರತ್ಯಯವನ್ನು ಕತ್ತರಿಸಿ ನೋಡುವ ಕೆಲಸ ಪ್ರತ್ಯೇಕ ಪಾಠವಾಗಿ ಆಮೇಲೆ.

ದಿನದ ಯೋಜನೆಯ ಭಾಗಕ್ಕೆ ಹೆಚ್ಚು ಜಾಗ ಕೊಡಿ, ಹೊಸ ಶಿಕ್ಷಕರು ಹೆಚ್ಚು ತಡವರಿಸುವುದು ಅಲ್ಲೇ. ಮೂರು ಗಂಟೆಯ ಅಡೆತಡೆಯಿಲ್ಲದ ಅವಧಿಗೆ ನೀವು ಒಂಬತ್ತು ಪ್ರೆಸೆಂಟೇಶನ್ (ಶಿಕ್ಷಕರು ತೋರಿಸಿಕೊಡುವ ಪಾಠ) ಇಟ್ಟಿದ್ದೀರಿ. ತಲಾ 15–20 ನಿಮಿಷ ಹಿಡಿದರೆ ಹೆಚ್ಚುಕಡಿಮೆ ಸಮಯವೆಲ್ಲ ಅದಕ್ಕೇ ಮುಗಿಯಿತು, ಮಕ್ಕಳನ್ನು ಗಮನಿಸುವವರು ಯಾರು? ನಾಲ್ಕೈದು ಸಾಕು, ಮೂರರಿಂದ ಐದು ಮಕ್ಕಳ ಗುಂಪಿಗೆ. ಪ್ರತಿ ಪಾಠ ಮುಗಿಯುವಾಗ ‘ಇದರಿಂದ ಮುಂದೆ ಏನು ಮಾಡುತ್ತೀರಿ?’ ಎಂದು ಮಕ್ಕಳಿಂದಲೇ ಹೇಳಿಸಿ ಎಬ್ಬಿಸಬೇಕು. ಇಲ್ಲದಿದ್ದರೆ ಪಾಠ ಚೆನ್ನಾಗಿ ಕೇಳಿದವರೂ ಎದ್ದ ಮೇಲೆ ಸುಮ್ಮನೆ ಅಲೆಯುತ್ತಾರೆ. ಎಲ್ಲರಿಗೂ ಒಂದೇ ವರ್ಕ್‌ಶೀಟ್ ಕೊಡುವುದು ಇದಕ್ಕೆ ಪರಿಹಾರವಲ್ಲ. ಒಬ್ಬಳು ಚಾರ್ಟ್ ಮಾಡಲಿ, ಇನ್ನಿಬ್ಬರು ತಮ್ಮದೇ ದೊಡ್ಡ ಲೆಕ್ಕ ಹುಟ್ಟಿಸಿಕೊಳ್ಳಲಿ.

ಮಗು ತನ್ನ ಕೆಲಸವನ್ನು ತಾನೇ ಬರೆದಿಡುವ ವರ್ಕ್ ಜರ್ನಲ್ ಅನ್ನು ‘ಹಾಜರಿಯಂತೆ ಪರಿಶೀಲಿಸಿ’ ಎಂದಿರುವುದು ಅಪಾಯ. ತಪಾಸಣೆಯ ಭಯವಿದ್ದರೆ ಮಗು ಮಾಡದ್ದನ್ನೂ ಬರೆಯುತ್ತದೆ. ಕೆಲಸದ ಹೆಸರು, ಶುರುವಾದ ಹೊತ್ತು, ಮುಗಿದ ಹೊತ್ತು, ಜೊತೆಗಿದ್ದವರು, ಇಷ್ಟಿದ್ದರೆ ಸಾಕು. ಆದರೆ ‘ಗಣಿತ’ ಎಂದಷ್ಟೇ ಬರೆದದ್ದು ಸಾಲದು. ‘ಚೆಕರ್‌ಬೋರ್ಡ್, ಗುಣಕ ಎರಡು ಅಂಕಿ’ ಎಂದಿರಬೇಕು. ಅದನ್ನು ತೆರೆದು ಕೂರಬೇಕಾದದ್ದು ಶಿಕ್ಷಕರು ಒಬ್ಬೊಬ್ಬ ಮಗುವಿನ ಜೊತೆ ನಡೆಸುವ ಮಾತುಕತೆಯಲ್ಲಿ. 24 ಮಕ್ಕಳ ತರಗತಿಯಲ್ಲಿ ಹತ್ತು ನಿಮಿಷದಂತೆ 240 ನಿಮಿಷ. ಎರಡು ವಾರದ ಹತ್ತು ದಿನಗಳಿಗೆ ಹಂಚಿದರೆ ದಿನಕ್ಕೆ ಇಬ್ಬರೋ ಮೂವರೋ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಈ ವಯಸ್ಸಿಗೆ ಸಮಾಜ ಏನನ್ನು ನಿರೀಕ್ಷಿಸುತ್ತದೆ ಎಂಬ ಪಠ್ಯಕ್ರಮದ ಪಟ್ಟಿಯನ್ನು ಅಲ್ಲಿ ಮಗುವಿನ ಮುಂದೆಯೇ ಇಡಬೇಕು. ಅದು ಶಿಕ್ಷಕರ ಕಪಾಟಿನ ಗುಟ್ಟಾದರೆ ಮಗು ತನ್ನ ಕೆಲಸಕ್ಕೆ ತಾನೇ ಹೊಣೆಯಾಗುವುದು ಹೇಗೆ?

‘ಗೋಯಿಂಗ್ ಔಟ್’ ಎಂದು ನೀವು ವಿವರಿಸಿದ್ದು ಶಾಲಾ ಪ್ರವಾಸವನ್ನು. ಇಡೀ ತರಗತಿ ಬಸ್ಸಿನಲ್ಲಿ ಹೊರಟರೆ ಅದು ಬೇರೆ ಕೆಲಸ. ಇದು ಎರಡರಿಂದ ನಾಲ್ಕು ಮಕ್ಕಳು ತಮ್ಮ ಕೆಲಸದಲ್ಲಿ ಎದ್ದ, ತರಗತಿಯೊಳಗೆ ಉತ್ತರ ಸಿಗದ ಪ್ರಶ್ನೆಗಾಗಿ ಹೊರಡುವುದು. ಫೋನ್ ಮಾಡಿ ಅನುಮತಿ ಕೇಳುವುದು, ದಾರಿ, ಹೊತ್ತು, ಖರ್ಚು ಗೊತ್ತುಮಾಡುವುದು, ಬಂದ ಮೇಲೆ ಧನ್ಯವಾದದ ಪತ್ರ ಬರೆಯುವುದು ಎಲ್ಲ ಅವರದೇ. ಜೊತೆಗೆ ಹೋಗುವ ಹಿರಿಯರು ಸುರಕ್ಷತೆ ನೋಡಿಕೊಳ್ಳುತ್ತಾರೆ, ಮುಂದಾಳಾಗುವುದಿಲ್ಲ.

ತಿದ್ದುವಾಗ ಎಲ್ಲ ವಿಷಯವನ್ನೂ ಇಟ್ಟುಕೊಳ್ಳಬೇಕಿಲ್ಲ. ವ್ಯಾಕರಣವನ್ನೂ ಗೋಯಿಂಗ್ ಔಟ್ ಅನ್ನೂ ಮುಂದಿನ ಲೇಖನಕ್ಕೆ ಬಿಡಿ. ಮಹಾಕಥೆ, ಒಂದು ಗಣಿತ ಸಾಮಗ್ರಿ, ದಿನದ ಯೋಜನೆ ಸೇರಿ 2,000 ಪದ ಸಾಕು. ‘ಸಮಗ್ರ ವಿಕಸನ’, ‘ಆನಂದದಾಯಕ ಕಲಿಕೆ’ ಎಂಬ ಪದಗಳು ಬಂದಲ್ಲೆಲ್ಲ, ಆ ಹೊತ್ತಿನಲ್ಲಿ ಮಗು ಕೈಯಲ್ಲಿ ಏನು ಮಾಡುತ್ತಿದೆ ಎಂಬುದನ್ನು ಬರೆಯಿರಿ. ಚೆಕರ್‌ಬೋರ್ಡಿನ ಚಿತ್ರವನ್ನು ಕೈಯಲ್ಲೇ ಬರೆದು ಫೋಟೊ ಕಳಿಸಿದರೂ ಆಗುತ್ತದೆ. ಪ್ರತಿ ಮನೆಯೊಳಗೆ ಬಣ್ಣದ ಹೆಸರು ಮತ್ತು ಬೆಲೆ ಎರಡನ್ನೂ ಬರೆಯಿರಿ, ಅಚ್ಚಿನಲ್ಲಿ ಬಣ್ಣ ಸರಿಯಾಗಿ ಬಾರದಿದ್ದರೂ ಓದುಗರಿಗೆ ತಿಳಿಯಲಿ.

ವಿಶ್ವಾಸದಿಂದ,
ಸಂಪಾದಕ ಬಳಗ