ಓದುಗರ ಪ್ರಶ್ನೆ: ವಾಲ್ಟೇರ್‌ನನ್ನು ಯಾವ ಕಾಲಮ್ಮಿಗೆ ಹಾಕಲಿ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯ ಹಿಡಿದು ಬಂದಿವೆ: ಕಾಲೇಜಿನಲ್ಲಿ ಓದಿಸುವ 18ನೇ ಶತಮಾನದ ವೈಚಾರಿಕ ಸಾಹಿತ್ಯ ಮತ್ತು ಅದರ ಬೆನ್ನಿಗೇ ಬಂದ ರಮ್ಯ (ರೊಮ್ಯಾಂಟಿಕ್) ಸಾಹಿತ್ಯ. ವಾಲ್ಟೇರ್, ರೂಸೋ ಇಬ್ಬರೂ ಆ 18ನೇ ಶತಮಾನದಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದವರು. ಮುಂಬಯಿಯ ಒಂದು ಕಾಲೇಜಿನಲ್ಲಿ 31 ವರ್ಷ ನಾನು ಪಾಠ ಮಾಡಿದ್ದು ಇದನ್ನೇ. ಉಳಿದ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ಟೀಚರ್, ನಾನು ಟಿ.ವೈ.ಬಿ.ಎ. (ಬಿ.ಎ. ಮೂರನೆಯ ವರ್ಷ) ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿ. ಏಳನೆಯ ತರಗತಿವರೆಗೆ ಓದಿದ್ದು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ. ನಮ್ಮ ಗೈಡಿನಲ್ಲಿ ಒಂದು ಪುಟಕ್ಕೆ ನಡುವೆ ಗೆರೆ ಎಳೆದು ಎಡಕ್ಕೆ ‘ಬುದ್ಧಿ, ನಿಯಮ, ನಗರ, ವಾಲ್ಟೇರ್’, ಬಲಕ್ಕೆ ‘ಭಾವ, ಕಲ್ಪನೆ, ಪ್ರಕೃತಿ, ರೂಸೋ’ ಎಂದು ಹಾಕಿದ್ದಾರೆ. ಅದನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಬೆಳಗ್ಗಿನ ಲೋಕಲ್‌ನಲ್ಲಿ ವಾಲ್ಟೇರ್‌ನ ಕಾದಂಬರಿ ‘ಕ್ಯಾಂಡೀಡ್’ ಓದುವಾಗ ನನಗೆ ಅಳು ಬಂತು. ಬುದ್ಧಿಯ ಕಾಲಮ್ಮಿನ ಪುಸ್ತಕ ಓದಿ ಅಳು ಬಂದರೆ ನಾನು ತಪ್ಪು ಓದಿದ್ದೇನೆಯೇ?
— ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ತಪ್ಪು ಓದಿಲ್ಲ ಮಗಳೇ. ಯಾವ ಪುಟದಲ್ಲಿ ಅಳು ಬಂತು ಎಂದು ನೀನು ಬರೆದಿಲ್ಲ, ದಕ್ಷಿಣ ಅಮೆರಿಕದ ಸುರಿನಾಮಿನ ಪುಟವೇ ಇರಬೇಕು ಎಂದುಕೊಂಡಿದ್ದೇನೆ. ಒಂದು ಕೈ, ಒಂದು ಕಾಲು ಇಲ್ಲದ ಗುಲಾಮನೊಬ್ಬ ದಾರಿಯಲ್ಲಿ ಬಿದ್ದಿರುತ್ತಾನೆ. ಸಕ್ಕರೆಯ ಗಾಣಕ್ಕೆ ಬೆರಳು ಸಿಕ್ಕಿದರೆ ಕೈ ಕಡಿಯುತ್ತಾರೆ, ಓಡಿಹೋಗಲು ನೋಡಿದರೆ ಕಾಲು ಕಡಿಯುತ್ತಾರೆ, ನನಗೆ ಎರಡೂ ಆಯಿತು, ನೀವು ಯುರೋಪಿನಲ್ಲಿ ಸಕ್ಕರೆ ತಿನ್ನುವುದು ಈ ಬೆಲೆಗೆ ಎನ್ನುತ್ತಾನೆ. ವಾಲ್ಟೇರ್ ಅಲ್ಲಿ ದನಿ ಏರಿಸುವುದಿಲ್ಲ. ಅಂಗಡಿಯ ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತಾನೆ. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯುತ್ತದೆ.

ಆ ಎರಡು ಕಾಲಮ್ಮನ್ನು ನಾನೂ ಕರಿಹಲಗೆಯ ಮೇಲೆ ಬರೆದವಳು. 16 ವರ್ಷ ಬರೆದೆ. ಮಕ್ಕಳಿಗೆ ಬರೆದುಕೊಳ್ಳಲು ಸುಲಭ, ಪರೀಕ್ಷೆಗೂ ಸುಲಭ. ಅದು ಎಷ್ಟು ದೊಡ್ಡ ತಪ್ಪು ಎಂದು ತಿಳಿದದ್ದು 2005ರ ಮಳೆಯ ನಂತರ. ಆ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ಮುಂಬಯಿಯಲ್ಲಿ ಇದ್ದವರಾರೂ ಮರೆತಿಲ್ಲ. ಕಾಲೇಜು ಮತ್ತೆ ಶುರುವಾದಾಗ ನನ್ನ ಪಾಠ ‘ಕ್ಯಾಂಡೀಡ್’ಗೆ ಬಂದಿತ್ತು. ಕಲೀನಾದಿಂದ ಬರುವ ಒಬ್ಬಳು ಕನ್ನಡದ ಹುಡುಗಿ ಇದ್ದಳು. ಅವರ ಮನೆಯೊಳಗೆ ಎದೆಮಟ್ಟ ನೀರು ನಿಂತಿತ್ತು. ಅಕ್ಕಿ ಹೋಗಿತ್ತು, ಪುಸ್ತಕ ಹೋಗಿತ್ತು, ತಂದೆಯ ಹೊಲಿಗೆ ಮಿಷನ್ನು ಕೆಟ್ಟಿತ್ತು. ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಬಂದು ಕೇಳಿದಳು: “ಟೀಚರ್, ಪಕ್ಕದ ಬಿಲ್ಡಿಂಗಿನ ಮೂರನೆಯ ಮಾಳಿಗೆಯವರು ಬಂದು ‘ಆದದ್ದೆಲ್ಲಾ ಒಳಿತೇ ಆಯಿತು ಅಂದುಕೊಳ್ಳಿ’ ಅಂದರು. ಅವರೂ ಪ್ಯಾಂಗ್ಲಾಸ್ ಅಲ್ಲವೇ?”

ಪ್ಯಾಂಗ್ಲಾಸ್ ಯಾರೆಂದು ಕಾದಂಬರಿ ಓದದವರಿಗೆ ಹೇಳಬೇಕು. ಕ್ಯಾಂಡೀಡನ ಗುರು. ಇರಬಹುದಾದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಲೋಕ, ಇಲ್ಲಿ ನಡೆಯುವುದೆಲ್ಲ ಒಳ್ಳೆಯದಕ್ಕೇ ಎಂದು ಯಾವ ಅನಾಹುತ ಕಂಡರೂ ಹೇಳುವವನು. ಆ ಹುಡುಗಿಗೆ ಆ ದಿನ ನಾನು ಉತ್ತರ ಕೊಡಲಿಲ್ಲ. ದಾದರಿನಿಂದ ರೈಲು ಹತ್ತಿ ಮನೆ ಮುಟ್ಟುವ ತನಕ ಪುರಂದರದಾಸರ ಆ ಪಲ್ಲವಿಯೇ ತಲೆಯಲ್ಲಿ ತಿರುಗುತ್ತಿತ್ತು. ನಮ್ಮಮ್ಮ ದಿನಾ ದೀಪ ಹಚ್ಚಿ ಹೇಳುತ್ತಿದ್ದ ಹಾಡು ಅದು. ಅದು ಪ್ಯಾಂಗ್ಲಾಸನ ಮಾತು ಆಗಲು ಹೇಗೆ ಸಾಧ್ಯ? ಮರುದಿನ ಅವಳನ್ನು ಕರೆದು ಹೇಳಿದೆ. ದಾಸರು ಹಾಗೆ ಹಾಡಿದ್ದು ತನ್ನ ಸಂಪತ್ತನ್ನೆಲ್ಲ ತಾನೇ ಬಿಟ್ಟುಕೊಟ್ಟ ಮೇಲೆ ಎಂಬುದು ನಮ್ಮ ನಂಬಿಕೆ. ತನ್ನ ನಷ್ಟದ ಬಗ್ಗೆ ತಾನು ಹೇಳಿಕೊಂಡರೆ ಅದು ಭಕ್ತಿ. ಅದೇ ಮಾತನ್ನು ಮೂರನೆಯ ಮಾಳಿಗೆಯಲ್ಲಿ ಒಣಗಿ ನಿಂತವರು ನೆಲಮಟ್ಟದ ಮನೆಯವರಿಗೆ ಹೇಳಿದರೆ ಕ್ರೌರ್ಯ. ವಾಲ್ಟೇರ್ ಸಿಟ್ಟಾದದ್ದು ಈ ಎರಡನೆಯದಕ್ಕೆ.

ಅವನ ಸಿಟ್ಟಿಗೆ ಕಾರಣವಾದದ್ದು ಲಿಸ್ಬನ್ ಭೂಕಂಪ. 1755ರ ನವೆಂಬರ್ 1, ಸಂತರೆಲ್ಲರ ಹಬ್ಬದ ಬೆಳಿಗ್ಗೆ, ಇಗರ್ಜಿಗಳು ತುಂಬಿದ್ದ ಹೊತ್ತು. ನೆಲ ನಡುಗಿತು, ಆಮೇಲೆ ಸಮುದ್ರ ನುಗ್ಗಿತು, ಕೊನೆಗೆ ಹಬ್ಬದ ಮೋಂಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ವಾಲ್ಟೇರ್ ಸುದ್ದಿ ಕೇಳಿ ಕೆಲವೇ ವಾರಗಳಲ್ಲಿ ಒಂದು ದೀರ್ಘ ಕವನ ಬರೆದ. ತಾಯ ಎದೆಯ ಮೇಲೆ ಸತ್ತ ಕೂಸುಗಳು ಯಾವ ಪಾಪ ಮಾಡಿದ್ದವು ಎಂದು ಕೇಳುವ, ಶುದ್ಧ ಗೋಳಿನ ಕವನ. 1756ರಲ್ಲಿ ರೂಸೋ ಅವನಿಗೆ ಪತ್ರ ಬರೆದ. ದೇವರ ಮೇಲಿನ ಭರವಸೆಯನ್ನು ಅವನು ಬಿಟ್ಟುಕೊಡಲಿಲ್ಲ, ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತು ಹೇಳಿದ: ಆರೇಳು ಅಂತಸ್ತಿನ 20,000 ಮನೆಗಳನ್ನು ಅಲ್ಲಿ ಒತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ, ಜನ ಹರಡಿಕೊಂಡು ಇದ್ದಿದ್ದರೆ ಹಾನಿ ಬಹಳ ಕಡಿಮೆ ಆಗುತ್ತಿತ್ತು.

ಈಗ ನಿನ್ನ ಗೈಡು ತೆಗೆದು ನೋಡು. ಬುದ್ಧಿಯ ಕಾಲಮ್ಮಿನವನು ಅಳುತ್ತಿದ್ದಾನೆ. ಭಾವದ ಕಾಲಮ್ಮಿನವನು ಎಂಜಿನಿಯರನ ಹಾಗೆ ಮನೆ ಎಣಿಸುತ್ತಿದ್ದಾನೆ. ಮಿಠಿ ನದಿಯ ದಂಡೆ ಒತ್ತಿಕೊಂಡು ಕಟ್ಟಿದವರು ಯಾರು ಎಂದು 2005ರಲ್ಲಿ ನಮ್ಮ ಊರು ಕೇಳಿದ ಪ್ರಶ್ನೆಗೆ ವಾಲ್ಟೇರ್‌ಗಿಂತ ರೂಸೋ ಹತ್ತಿರ. ಇದನ್ನು ತರಗತಿಯಲ್ಲಿ ಹೇಳಿದ ದಿನ ಹಲಗೆಯ ನಡುವಿನ ಗೆರೆ ಒರೆಸಿದೆ. ಮತ್ತೆ ಎಳೆಯಲಿಲ್ಲ. ‘ಕ್ಯಾಂಡೀಡ್’ ಅಚ್ಚಾದದ್ದು 1759ರಲ್ಲಿ, ಆ ಕವನದ ಮೂರು ವರ್ಷದ ನಂತರ. ನಿನ್ನ ಕಣ್ಣಲ್ಲಿ ಬಂದ ನೀರು ಮೊದಲು ಅವನ ಕಣ್ಣಲ್ಲಿ ಬಂದದ್ದೇ.

ಪರೀಕ್ಷೆಯಲ್ಲಿ ಏನು ಬರೆಯಲಿ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಗೈಡಿನ ವಿಭಾಗವನ್ನು ನಾಲ್ಕು ಸಾಲಿನಲ್ಲಿ ಬರೆ, ಯಾಕೆಂದರೆ ಪ್ರಶ್ನೆ ಅದನ್ನೇ ಕೇಳಿರುತ್ತದೆ. ಆಮೇಲೆ ನೀನು ಓದಿದ ಪುಸ್ತಕ ಎಲ್ಲಿ ಆ ಗೆರೆ ದಾಟುತ್ತದೆ ಎಂದು ಒಂದು ಪುಟ ಬರೆ. ಉತ್ತರಪತ್ರಿಕೆ ತಿದ್ದುವಾಗ ಕಟ್ಟಿಗೆ ಕಟ್ಟು ಒಂದೇ ವಾಕ್ಯ ಓದಿ ಓದಿ ಕಣ್ಣು ಸೋತಿರುತ್ತದೆ. ಯಾವುದೋ ಒಂದರಲ್ಲಿ ಆ ಸಕ್ಕರೆಯ ಬೆಲೆಯ ಮಾತು ಕಂಡರೆ, ಈ ಮಗು ಪುಸ್ತಕ ಓದಿದೆ ಎಂದು ಗೊತ್ತಾಗುತ್ತಿತ್ತು.

ಪ್ರಶ್ನೆ: ‘ಎನ್‌ಲೈಟನ್‌ಮೆಂಟ್’ ಎಂಬುದನ್ನು ಕನ್ನಡದಲ್ಲಿ ‘ಜ್ಞಾನೋದಯ’ ಎನ್ನುತ್ತಾರೆ. ಜ್ಞಾನೋದಯ ಆದದ್ದು ಬುದ್ಧನಿಗಲ್ಲವೇ? ಎರಡೂ ಒಂದೆಯೇ?
— ನಿವೃತ್ತ ಬ್ಯಾಂಕ್ ನೌಕರರು, ಪುಣೆ

ಉತ್ತರ: ಒಂದೇ ಅಲ್ಲ. ಶಬ್ದ ಒಂದಾದದ್ದರಿಂದ ನಮ್ಮ ಮಕ್ಕಳಿಗೂ ಈ ಗೊಂದಲ ಆಗುತ್ತದೆ. 18ನೇ ಶತಮಾನದ ಯುರೋಪಿನದನ್ನು ನಾನು ‘ವೈಚಾರಿಕ ಯುಗ’ ಎಂದೇ ಬರೆಯುತ್ತೇನೆ.

ನಿಮ್ಮ ಪ್ರಶ್ನೆ ಮಾತ್ರ ಹಳೆಯದು. 1783ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಒಂದು ಮಾಸಪತ್ರಿಕೆಯಲ್ಲಿ ಜೋಲ್ನರ್ ಎಂಬ ಪಾದ್ರಿ ಮದುವೆಯ ವಿಧಿಯ ಬಗ್ಗೆ ಲೇಖನ ಬರೆಯುತ್ತ, ಅಡಿಟಿಪ್ಪಣಿಯಲ್ಲಿ ಕೇಳಿದ: ಎಲ್ಲರೂ ಎನ್‌ಲೈಟನ್‌ಮೆಂಟ್ ಎನ್ನುತ್ತಾರೆ, ಹಾಗೆಂದರೇನು ಎಂದು ಮೊದಲು ಯಾರಾದರೂ ಹೇಳಬೇಕಲ್ಲ? ಮರುವರ್ಷ ಅದೇ ಪತ್ರಿಕೆಯಲ್ಲಿ ಇಬ್ಬರು ಜರ್ಮನ್ ತತ್ತ್ವಜ್ಞರು, ಮೊದಲು ಮೆಂಡೆಲ್ಸನ್, ಆಮೇಲೆ ಕಾಂಟ್, ಉತ್ತರ ಬರೆದರು. ಪತ್ರಿಕೆಯೊಂದರ ಪ್ರಶ್ನೋತ್ತರದಿಂದ ಹುಟ್ಟಿದ ಬರಹವನ್ನು ಈಗ ಲೋಕವೆಲ್ಲ ಓದುತ್ತದೆ. ಈ ಅಂಕಣ ಬರೆಯಲು ಕುಳಿತಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಕಾಂಟ್ ಹೇಳಿದ್ದು ಇಷ್ಟು: ಮನುಷ್ಯ ತಾನೇ ತಂದುಕೊಂಡ ಅಪ್ರಾಪ್ತ ವಯಸ್ಸಿನಿಂದ ಹೊರಗೆ ಬರುವುದೇ ಅದು. ನನ್ನ ಬದಲು ಯೋಚಿಸಲು ಒಂದು ಪುಸ್ತಕ, ನನ್ನ ಆತ್ಮಸಾಕ್ಷಿಯ ಬದಲು ಒಬ್ಬ ಪಾದ್ರಿ, ನಾನು ಏನು ಉಣ್ಣಬೇಕೆಂದು ಹೇಳಲು ಒಬ್ಬ ವೈದ್ಯ ಇದ್ದರೆ ನಾನು ಕಷ್ಟಪಡಬೇಕಿಲ್ಲ. ಆ ಸುಖವನ್ನು ಬಿಟ್ಟು ನಿನ್ನ ಬುದ್ಧಿಯನ್ನೇ ಬಳಸುವ ಧೈರ್ಯ ಮಾಡು. ಬುದ್ಧನದು ದುಃಖದಿಂದ ಬಿಡುಗಡೆ, ಕಾಂಟ್‌ನದು ಇನ್ನೊಬ್ಬರ ಕೈಹಿಡಿದು ನಡೆಯುವುದರಿಂದ ಬಿಡುಗಡೆ. (ಡೊಂಬಿವಲಿಯ ಹುಡುಗಿ ಇದನ್ನೂ ಓದಲಿ. ಅವನು ಹೇಳಿದ ‘ನನ್ನ ಬದಲು ಯೋಚಿಸುವ ಪುಸ್ತಕ’ ಈಗ ಗೈಡಿನ ರೂಪದಲ್ಲಿ ಅವಳ ಚೀಲದಲ್ಲಿದೆ.)

ಪ್ರಶ್ನೆ: ಮೇಡಂ, ನನ್ನದು ಸಣ್ಣ ಹೋಟೆಲು. ಮಗ ಕಾಮರ್ಸ್ ಬಿಟ್ಟು ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡಿದ್ದಾನೆ. ಏನು ಓದುತ್ತಿ ಎಂದರೆ ಇನ್ನೂರು ವರ್ಷದ ಹಿಂದಿನ ಬ್ರಿಟಿಷರ ಪದ್ಯ ಎನ್ನುತ್ತಾನೆ. ಇದರಿಂದ ಹೊಟ್ಟೆ ತುಂಬುತ್ತದೆಯೇ?
— ಹೋಟೆಲ್ ಮಾಲಕರು, ಠಾಣೆ

ಉತ್ತರ: ನಿಮ್ಮ ಭಯ ನ್ಯಾಯವಾದದ್ದು, ಅದನ್ನು ಸುಳ್ಳು ಭರವಸೆಯಿಂದ ಮುಚ್ಚಲಾರೆ. ಬರೇ ಬಿ.ಎ. ಸಾಲದು. ಅವನು ಎಂ.ಎ. ಮಾಡಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ, ನೆಟ್ ಅಥವಾ ಸೆಟ್, ಬರೆಯಬೇಕು, ಇಲ್ಲವೇ ಬಿ.ಎಡ್. ಮಾಡಬೇಕು, ಇಲ್ಲವೇ ಅನುವಾದ, ಪತ್ರಿಕೆ, ಜಾಹೀರಾತಿನ ಕಡೆ ಕೈ ಪಳಗಿಸಬೇಕು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಬಲ್ಲ ಹುಡುಗ ಮುಂಬಯಿಯಲ್ಲಿ ಅನುವಾದ ಕಲಿತರೆ ಕೆಲಸ ಹುಡುಕಲು ಒಂದು ದಾರಿ ಹೆಚ್ಚೇ ಇರುತ್ತದೆ. ಈ ವರ್ಷದಿಂದಲೇ ಶುರು ಮಾಡಲಿ.

ಇನ್ನೊಂದು ಮಾತು, ಹೋಟೆಲಿನವರ ಮಗಳಾಗಿ. ನನ್ನ ಅಪ್ಪಯ್ಯ 1951ರಲ್ಲಿ 13ರ ಪ್ರಾಯದಲ್ಲಿ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿದವರು. ಊಟಕ್ಕೆ ಬರುವ ವಕೀಲರ, ಗುಮಾಸ್ತರ ಮಾತು ಕೇಳಿ ಕೇಳಿ ಇಂಗ್ಲಿಷ್ ಕಲಿತರು, ಆಮೇಲೆ ರಾತ್ರಿ ಶಾಲೆ ಸೇರಿ ಬರೆಯಲು ಕಲಿತರು. ನಿಮ್ಮ ಮಗ ಓದುವ ಪುಸ್ತಕಗಳಲ್ಲಿ ‘ಫ್ರಾಂಕೆನ್‌ಸ್ಟೈನ್’ ಇರಬಹುದು. ಮೇರಿ ಶೆಲ್ಲಿ ಅದನ್ನು ಬರೆಯಲು ತೊಡಗಿದ್ದು 1816ರಲ್ಲಿ, ಅವಳ 18ನೆಯ ವಯಸ್ಸಿನಲ್ಲಿ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಯುರೋಪಿಗೆ ಆ ವರ್ಷ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ಬಳಿ ಮಳೆಗೆ ಮನೆಯೊಳಗೇ ಕುಳಿತ ಗೆಳೆಯರು ದೆವ್ವದ ಕಥೆ ಬರೆಯೋಣ ಎಂದು ಹೊರಟಾಗ ಹುಟ್ಟಿದ ಕಥೆ ಅದು. ಅದರಲ್ಲಿ ವಿಜ್ಞಾನಿಯೊಬ್ಬ ಸೃಷ್ಟಿಸಿದ, ಜನ ಭೂತ ಎನ್ನುವ ಜೀವ ಒಂದು ಗುಡಿಸಲಿನ ಹಿಂದೆ ಅಡಗಿ, ಒಳಗೆ ಬೇರೊಬ್ಬಳಿಗೆ ಹೇಳಿಕೊಡುವ ಪಾಠವನ್ನು ಗೋಡೆಯ ಸಂದಿನಿಂದ ಕೇಳಿ ಭಾಷೆ ಕಲಿಯುತ್ತದೆ. ಆ ಅಧ್ಯಾಯ ಪಾಠ ಮಾಡುವಾಗ ಪ್ರತಿ ವರ್ಷವೂ ನನಗೆ ಕಾಣುತ್ತಿದ್ದದ್ದು ಒರೆಸುವ ಬಟ್ಟೆ ಹಿಡಿದು ನಿಂತ ಅಪ್ಪಯ್ಯ.

ರಜೆಯ ದಿನ ಅವರು ನನ್ನನ್ನು ಟೌನ್ ಹಾಲಿನ ಮೆಟ್ಟಿಲ ಮೇಲೆ ಕೂರಿಸಿ ಕಡಲೆ ತಿನ್ನಿಸುತ್ತಿದ್ದರು. ಒಳಗೆ ಪುಸ್ತಕ ಉಂಟಂತೆ, ನೀನು ಓದಬೇಕು ಎನ್ನುತ್ತಿದ್ದರು. ಆ ಗ್ರಂಥಾಲಯದ ಮೂಲ, ಜೇಮ್ಸ್ ಮ್ಯಾಕಿಂಟಾಷ್ 1804ರಲ್ಲಿ ಕಟ್ಟಿದ ಬಾಂಬೆ ಲಿಟರರಿ ಸೊಸೈಟಿ. ಇವನು 1791ರಲ್ಲಿ ಫ್ರೆಂಚ್ ಕ್ರಾಂತಿಯನ್ನು ಖಂಡಿಸಿದ್ದ ಬರ್ಕ್‌ಗೆ ಉತ್ತರವಾಗಿ ಕ್ರಾಂತಿಯ ಪರವಾಗಿ ಪುಸ್ತಕ ಬರೆದವನು, ಆಮೇಲೆ ನ್ಯಾಯಾಧೀಶನಾಗಿ ಇಲ್ಲಿಗೆ ಬಂದ. ನಿಮ್ಮ ಮಗ ಓದುವ ಕಾಲ ನಮ್ಮ ಊರಿನಿಂದ ದೂರದ್ದೇನಲ್ಲ. ಒಂದು ದಿನ ಹೋಟೆಲನ್ನು ಮ್ಯಾನೇಜರರ ಕೈಗೆ ಬಿಟ್ಟು ಅವನ ಜತೆ ಅಲ್ಲಿಗೆ ಹೋಗಿ ಬನ್ನಿ. ಅವನು ಏನು ಓದುತ್ತಾನೆ ಎಂದು ಅಲ್ಲಿ ಕೇಳಿ, ಊಟದ ಹೊತ್ತಿನಲ್ಲಿ ಸಿಟ್ಟಿನಿಂದ ಕೇಳಬೇಡಿ.

ಪ್ರಶ್ನೆ: ಇವರಿಗೂ ನಮಗೂ ಏನು ಸಂಬಂಧ? ನಮ್ಮ ಕಾಳಿದಾಸನನ್ನು ಓದಿದರೆ ಸಾಲದೇ?
— ಓದುಗರು, ಮೀರಾ ರೋಡ್

ಉತ್ತರ: ಕಾಳಿದಾಸನನ್ನು ಖಂಡಿತ ಓದಿ. ಜರ್ಮನ್ ಕವಿ ಗಯಟೆ ಓದಿದ್ದ. ವಿಲಿಯಂ ಜೋನ್ಸ್ 1789ರಲ್ಲಿ ಶಾಕುಂತಲವನ್ನು ಇಂಗ್ಲಿಷಿಗೆ ತಂದ, ಅದರಿಂದ ಫಾರ್ಸ್ಟರ್ 1791ರಲ್ಲಿ ಜರ್ಮನ್ ಮಾಡಿದ. ಗಯಟೆ ಅದನ್ನು ಮೆಚ್ಚಿ ಪದ್ಯ ಬರೆದ. ತನ್ನ ‘ಫೌಸ್ಟ್’ ನಾಟಕಕ್ಕೆ ರಂಗಭೂಮಿಯ ಪ್ರಸ್ತಾವನೆ ಇಡುವ ಯೋಚನೆ ಅವನಿಗೆ ಹೊಳೆದದ್ದು ನಮ್ಮ ಸೂತ್ರಧಾರ ನಟಿಯರಿಂದ ಎನ್ನುತ್ತಾರೆ. ಅವರು ನಮ್ಮನ್ನು ಓದಿದಷ್ಟು ಆಸೆಯಿಂದ ನಾವು ಅವರನ್ನು ಓದಬಾರದೇ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ವರ್ಡ್ಸ್‌ವರ್ತ್‌ನ ಡ್ಯಾಫೋಡಿಲ್ ಪದ್ಯ ಪಾಠ ಮಾಡಬೇಕು. ಆ ಹೂವನ್ನು ನಾನೂ ಕಂಡಿಲ್ಲ, ಮಕ್ಕಳೂ ಕಂಡಿಲ್ಲ. ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಸಾಕೇ?
— ಶಿಕ್ಷಕಿ, ವಾಸ್ಕೋ

ಉತ್ತರ: ಫೋಟೋ ತೋರಿಸಿ, ಆದರೆ ಅದರಿಂದ ಶುರು ಮಾಡಬೇಡಿ. ಕವಿಯ ತಂಗಿ ಡೊರೊಥಿಯ ದಿನಚರಿಯಿಂದ ಶುರು ಮಾಡಿ. 1802ರ ಏಪ್ರಿಲ್ 15ರಂದು ಅಣ್ಣ ತಂಗಿ ಇಬ್ಬರೂ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಗಾಳಿಗೆ ಎದುರಾಗಿ ನಡೆದಿದ್ದರು. ಡೊರೊಥಿ ಬರೆಯುತ್ತಾಳೆ: ಕೆಲವು ಹೂಗಳು ದಣಿದು ತಲೆದಿಂಬಿನ ಮೇಲೆ ಇಟ್ಟ ಹಾಗೆ ಕಲ್ಲಿನ ಮೇಲೆ ತಲೆ ಇಟ್ಟಿದ್ದವು, ಉಳಿದವು ಗಾಳಿಯ ಜತೆ ನಗುತ್ತಿದ್ದ ಹಾಗೆ ಕಂಡವು. ಪದ್ಯ ಅಚ್ಚಾದದ್ದು 1807ರಲ್ಲಿ. ಅದರಲ್ಲಿ ಅಣ್ಣ ತಾನು ಒಬ್ಬನೇ ಅಲೆಯುತ್ತಿದ್ದೆ ಎನ್ನುತ್ತಾನೆ, ತಂಗಿಯ ಸುಳಿವಿಲ್ಲ. ಒಳಗಣ್ಣಿಗೆ ಹೂಗಳು ಹೊಳೆಯುತ್ತವೆ ಎನ್ನುವ ಎರಡು ಸಾಲು, ಇಡೀ ಪದ್ಯದ ಜೀವ ಎಂದು ನಾನು ತಿಳಿದಿರುವ ಸಾಲುಗಳು, ಹೆಂಡತಿ ಮೇರಿ ಕೊಟ್ಟವು. ಮಕ್ಕಳಿಗೆ ಇದನ್ನೂ ಹೇಳಿ. ಒಂಟಿ ಕವಿಯ ಪದ್ಯದಲ್ಲಿ ಮನೆಯ ಇಬ್ಬರು ಹೆಂಗಸರಿದ್ದಾರೆ ಎಂದು ತಿಳಿದರೆ ಪದ್ಯ ಸಣ್ಣದಾಗುವುದಿಲ್ಲ.

ಕನ್ನಡದ ಮಕ್ಕಳಾದರೆ ‘ಕರುಣಾಳು ಬಾ ಬೆಳಕೆ’ ಹಾಡಿಸಿ, ಆಮೇಲೆ ಹೇಳಿ: ಇದು 1833ರಲ್ಲಿ ನ್ಯೂಮನ್ ಇಂಗ್ಲಿಷಿನಲ್ಲಿ ಬರೆದದ್ದು, ಬಿ.ಎಂ.ಶ್ರೀ. ಕನ್ನಡಕ್ಕೆ ತಂದದ್ದು. ಬೇರೆ ನಾಡಿನ ಪದ್ಯ ತಮ್ಮದಾಗುವುದು ಹೇಗೆಂದು ಅವರಿಗೆ ಬೇರೆ ವಿವರಣೆ ಬೇಡ.

ಮಳೆಗಾಲ ಮುಗಿಯುತ್ತ ಬರುವಾಗ ನಿಮ್ಮ ಕಡೆ ಮುರಕಲ್ಲಿನ ಬಯಲಿನಲ್ಲಿ ಸಣ್ಣ ಸಣ್ಣ ನೇರಳೆ ಹೂಗಳು ಏಳುತ್ತವಲ್ಲ, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಆ ದಿನ ಪದ್ಯ ಬರೆಸಬೇಡಿ. ಡೊರೊಥಿಯ ಹಾಗೆ ಕಂಡದ್ದನ್ನು ಕಂಡ ಹಾಗೆ ಒಂದು ಪುಟ ಬರೆಯಲಿ, ಜತೆಗೆ ಯಾರಿದ್ದರು, ಗಾಳಿ ಎತ್ತ ಬೀಸುತ್ತಿತ್ತು ಎಂಬುದೂ ಇರಲಿ. ಪುಟಗಳನ್ನು ಕಪಾಟಿನಲ್ಲಿಟ್ಟು, ಪರೀಕ್ಷೆ ಮುಗಿದ ಮೇಲೆ ಹೊರಗೆ ತೆಗೆದು ಕೊಡಿ. ಅವುಗಳಲ್ಲಿ ಎರಡನ್ನು ನನಗೆ ಕಳಿಸಿ.